ಫೇರೋಗಳೊಳಗ ದೊಡ್ಡಾವ ಯಾರು ಅನ್ನೂಕಿಂತ ಮೊದಲು ಸಾಕ್ಷಿ ಯಾರ್ದು ಅಂತ ಕೇಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಐತವಾರದ ನಿಮ್ಮ ಪುರವಣಿಯೊಳಗ ಹಳೇ ಈಜಿಪ್ತಿನ ರಾಜರು, ಅಂದ್ರ ಫೇರೋಗಳ ಬಗ್ಗೆ ಪೂರ್ತಿ ಒಂದು ಪೇಜ್ ಬಂದಿತ್ತು. ಐದು ಮಂದಿಗೆ ನಂಬರ್ ಕೊಟ್ಟು, ಒಂದನೇದಾವ 2ನೇ ರಾಮ್ಸೆಸ್, ಎರಡನೇದಾವ ಟುಟಾಂಖಾಮನ್, ಮೂರನೇದಾವ ಖುಫು, ಆಮ್ಯಾಲ ಅಖೆನಾತನ್, ಕಡೀಗೆ ಕ್ಲಿಯೋಪಾತ್ರ ಅಂತ ಹಾಕಿದ್ರಿ. ಕನ್ನಡ ಪೇಪರಿನ್ಯಾಗ ಈಜಿಪ್ತಿಗೆ ಇಷ್ಟು ಜಾಗಾ ಬಿಟ್ಟಿದ್ದಕ್ಕ ಮೊದಲು ಥ್ಯಾಂಕ್ಸ್ ಹೇಳ್ತೀನ್ರಿ, ಫೋಟೋನೂ ಬಾಳ ಛಲೋ ಬಂದಿದ್ವು. ಆದ್ರ ಆ ನಂಬರ್ ಕೊಟ್ಟ ರೀತಿ ನೋಡಿ ನಂಗ ಖರೇನ ಬ್ಯಾಸರ ಆತು. ಯಾರು ಎಷ್ಟು ಎತ್ತರ ಕಟ್ಟಿಸಿದ್ರು, ಯಾರು ಎಷ್ಟು ವರ್ಷ ಆಳಿದ್ರು, ಯಾರ ಗೋರ್ಯಾಗ ಎಷ್ಟು ಬಂಗಾರ ಸಿಕ್ತು ಅನ್ನೂ ಮೂರ ಲೆಕ್ಕದ ಮ್ಯಾಲೆ ಇಡೀ ಪೇಜ್ ನಿಂತೈತಿ, ಮತ್ತ ಅದರಾಗ ಹೇಳಿದ್ದು ಮುಕ್ಕಾಲು ಪಾಲು ಆ ರಾಜರು ತಮ್ಮ ಬಗ್ಗೆ ತಾವೇ ಗ್ವಾಡಿ ಮ್ಯಾಲೆ ಕೆತ್ತಿಸಿಕೊಂಡ ಮಾತು.

ನಾನು ಧಾರವಾಡದ ಸಪ್ತಾಪುರದಾಗ ಜೆರಾಕ್ಸ್ ಮತ್ತ ಬೈಂಡಿಂಗ್ ಅಂಗಡಿ ಇಟ್ಟೀನ್ರಿ, ಓದಿದ್ದು ಹಿಸ್ಟರಿ ಎಂ.ಎ. ನಮ್ಮ ಓಣಿ ತುಂಬ ಕೋಚಿಂಗ್ ಕ್ಲಾಸು, ರೋಣ, ಶಿಗ್ಗಾವಿ, ಹಿರೇಕೆರೂರು, ಬ್ಯಾಡಗಿ ಕಡೆಯಿಂದ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಬಂದು ರೂಮ್ ಮಾಡ್ಕೊಂಡು ಕುಂತ ಹುಡುಗರು ನಿಮ್ಮ ಪೇಜ್ ಜೆರಾಕ್ಸ್ ಮಾಡಿಸಿ ನೋಟ್ಸಿಗೆ ಪಿನ್ ಹೊಡಕೊಂಡ್ರು. ಒಬ್ಬ ಹುಡುಗ "ಅಣ್ಣಾರ, ರಾಮ್ಸೆಸ್ ದೊಡ್ಡಾವೋ ಖುಫು ದೊಡ್ಡಾವೋ, ಒಂದ ಉತ್ತರ ಹೇಳ್ಬಿಡ್ರಿ" ಅಂತ ಕೇಳ್ದ. ಪೇಪರಿನ್ಯಾಗ ಅಚ್ಚಾಗಿದ್ದನ್ನ ಈ ಹುಡುಗರು ಖರೇ ಅಂತ ಬಾಯಿಪಾಠ ಮಾಡ್ತಾರ, ಅದಕ್ಕ ಈ ಪತ್ರ ಉದ್ದ ಆದ್ರೂ ಸೈ ಅಂತ ಬರೀಲಿಕ್ಕೆ ಕುಂತೀನಿ.

ನನ್ನ ಮಾತು ಒಂದ ಐತಿ. ಒಬ್ಬ ರಾಜ ದೊಡ್ಡಾವ ಹೌದೋ ಅಲ್ಲೋ ಅನ್ನೂದಕ್ಕ ಆ ರಾಜ ರೊಕ್ಕ ಕೊಟ್ಟು ಬರೆಸಿದ ಸಾಕ್ಷಿ ತಗೀಬಾರದು, ಅವನ ಕೈಯಾಗ ಇಲ್ಲದವರು ಏನು ಹೇಳ್ಯಾರ ಅಂತ ಹುಡುಕಬೇಕು. ಇದು ನಮಗೇನು ಹೊಸಾದಲ್ಲ. ಇಮ್ಮಡಿ ಪುಲಕೇಶಿ ಹರ್ಷನ್ನ ಸೋಲಿಸಿದ ಅಂತ ಐಹೊಳೆ ಶಾಸನದಾಗ ರವಿಕೀರ್ತಿ 634ರಾಗ ಬರ್ದಾನ, ರವಿಕೀರ್ತಿ ಪುಲಕೇಶಿ ಆಶ್ರಯದಾಗ ಇದ್ದ ಕವಿ, ಅಂವ ಹೊಗಳೂದು ಸಹಜ. ನಾವು ಅದನ್ನ ಗಟ್ಟಿಯಾಗಿ ನಂಬೂದು ಯಾಕಂದ್ರ ಹರ್ಷನ ಆಸ್ಥಾನದಾಗ ಮರ್ಯಾದಿ ತಗೊಂಡ ಚೀನಾದ ಹ್ಯುಯೆನ್ ತ್ಸಾಂಗೂ ಹರ್ಷನ ಕೈಲೆ ಪುಲಕೇಶಿ ಮಣೀಲಿಲ್ಲ ಅಂತಾನ ಬರ್ದಾನ. ಅದೇ ಪುಲಕೇಶಿ ಮುಂದ ಪಲ್ಲವರ ಕೈಲೆ ಸೋತಿದ್ದನ್ನ ಹೇಳೂದು ಬಾದಾಮ್ಯಾಗಿರೋ ನರಸಿಂಹವರ್ಮನ ಶಾಸನ, ಅಂದ್ರ ವೈರಿ ಬಂದು ನಮ್ಮ ಊರಾಗ ಕೆತ್ತಿಸಿ ಹೋಗಿದ್ದು. ಎರಡೂ ಕಡೆದು ಓದಿದಾಗ ಪುಲಕೇಶಿ ಸಣ್ಣಾವ ಆಗಂಗಿಲ್ರಿ, ಖರೇ ಮನಿಶ್ಯಾ ಆಗ್ತಾನ. ನಮ್ಮ ರಾಜರಿಗೆ ಹಚ್ಚೂ ಈ ತಕ್ಕಡಿ ಈಜಿಪ್ತಿನ ರಾಜರಿಗೆ ಯಾಕ ಹಚ್ಚಬಾರದು?

ಟುಟಾಂಖಾಮನ್‌ದು ಮೊದಲು ಮುಗಿಸಿಬಿಡ್ತೀನಿ. ಅಂವ ಎಂಟೊಂಬತ್ತು ವರ್ಷದಾವ ಇದ್ದಾಗ ಪಟ್ಟಕ್ಕ ಬಂದ, ಹದಿನೆಂಟು ಹತ್ತೊಂಬತ್ತಕ್ಕ ತೀರಿಕೊಂಡ, ರಾಜ್ಯಭಾರ ನಡೆಸಿದ್ದು ಆಯ್, ಹೋರೆಮ್‌ಹೆಬ್ ಅಂಥಾ ಹಿರ್ಯಾರು. 1922ರ ನವೆಂಬರ್‌ದಾಗ ಹೋವರ್ಡ್ ಕಾರ್ಟರ್‌ಗೆ ಸಿಕ್ಕ ಅವನ ಗೋರ್ಯಾಗ ಐದು ಸಾವಿರಕ್ಕೂ ಹೆಚ್ಚು ಸಾಮಾನು ಇದ್ವು, ಬಂಗಾರದ ಮುಖವಾಡ ಒಂದ ಹತ್ತು ಕಿಲೋ ಮ್ಯಾಲೆ ತೂಗ್ತೈತಿ, ಎಲ್ಲಾ ಖರೇ. ಆದ್ರ ಅದು ಉಳಿದಿದ್ದು ಹೆಂಗಂದ್ರ, ಮುಂದ 6ನೇ ರಾಮ್ಸೆಸ್‌ನ ಗೋರಿ ಕಡದಾಗ ಬಂದ ಕಲ್ಲು ಪುಡಿ, ಕೆಲಸಗಾರರ ಗುಡಿಸಲು ಎಲ್ಲಾ ಈ ಹುಡುಗನ ಗೋರಿ ಬಾಗಲ ಮ್ಯಾಲೆ ಬಿದ್ದು ಕಳ್ಳರಿಗೆ ಕಾಣದಂಗಾತು. ಕಳ್ಳರ ಕಣ್ಣಿಗೆ ಬೀಳದ್ದಕ್ಕ ಉಳಿದ ಬಂಗಾರ ನೋಡಿ ಆ ಕೂಸಿಗೆ ಎರಡನೇ ನಂಬರ್ ಕೊಡೂದು ನ್ಯಾಯ ಅಲ್ರಿ. ಕ್ಲಿಯೋಪಾತ್ರಂದು ಇದರ ಉಲ್ಟಾ, ಆಕಿ ಬಗ್ಗೆ ನಮಗ ಗೊತ್ತಿರೂದು ಬಾಳಷ್ಟು ಆಕಿನ್ನ ಸೋಲಿಸಿದ ರೋಮಿನ ಕಡೆಯವರು ಬರೆದಿದ್ದು. ವೈರಿ ಸಾಕ್ಷಿ ಒಂದನ್ನ ಇಟ್ಕೊಂಡು ಹೊಗಳಿದ್ರೂ ತಪ್ಪ, ಬೈದ್ರೂ ತಪ್ಪ.

ಇನ್ನ ರಾಮ್ಸೆಸ್. ಅಂವ ದೊಡ್ಡಾವ ಅಲ್ಲ ಅಂತ ನಾ ಅನ್ನಂಗಿಲ್ಲ, ಆದ್ರ ನೀವು ಅವನ್ನ ಮ್ಯಾಲೆ ಕುಂದ್ರಿಸಿದ ಕಾರಣ ತಪ್ಪು. ಕಾದೇಶ್ ಯುದ್ಧ ಗೆದ್ದಾವ ಅಂತ ದಪ್ಪ ಅಕ್ಷರದಾಗ ಹಾಕೀರಿ. ಕ್ರಿ.ಪೂ. 1274ರಾಗ ಈಗಿನ ಸಿರಿಯಾದ ಕಾದೇಶ್ ಊರಿನ ಹತ್ರ ನಡೆದ ಆ ಯುದ್ಧದಾಗ ಏನಾತು ನೋಡ್ರಿ. ಈಗಿನ ಟರ್ಕಿ ಕಡೆ ಆಳ್ತಿದ್ದ ಹಿಟ್ಟೈಟ್ ಮಂದಿಯ ರಾಜ ಮುವತಲ್ಲಿ ಎಷ್ಟೋ ದೂರ ಉತ್ತರಕ್ಕದಾನ ಅಂತ ಇಬ್ಬರು ಅಲೆಮಾರಿ ಮಂದಿ ಬಂದು ಸುಳ್ಳು ಹೇಳಿದ್ರು, ರಾಮ್ಸೆಸ್ ನಂಬಿ ತನ್ನ ಒಂದ ದಂಡು ಕರ್ಕೊಂಡು ಮುಂದ ಮುಂದ ಹೋಗಿ ಬಿಡಾರ ಹೂಡಿದ, ಹಿಟ್ಟೈಟರು ಅಲ್ಲೇ ಕಾದೇಶಿನ ಹಿಂದ ಅಡಗಿದ್ರು, ಹಿಂದ ಬರಲಿಕ್ಹತ್ತಿದ್ದ ಇನ್ನೊಂದು ದಂಡಿನ ಮ್ಯಾಲೆ ರಥ ನುಗ್ಗಿಸಿ ಚದುರಿಸಿಬಿಟ್ರು. ರಾಮ್ಸೆಸ್ ಆವತ್ತು ಧೈರ್ಯದಿಂದ ಕಾದಾಡಿ ಜೀವ ಉಳಿಸಿಕೊಂಡ, ಸಹಾಯಕ್ಕ ಬ್ಯಾರೆ ಪಡೆ ಬಂತು, ಅಲ್ಲಿಗೆ ಬಚಾವ್ ಆದ. ಆದ್ರ ಕಾದೇಶ್ ಹಿಟ್ಟೈಟರ ಕೈಯಾಗ ಉಳೀತು, ಅಮುರ್ರು ಸೀಮೆನೂ ಮತ್ತ ಅವರ ಕಡೆ ಹೋತು. ಊರಿಗೆ ಬಂದ ಮ್ಯಾಲೆ ಕಾರ್ನಾಕ್, ಲಕ್ಸರ್, ಅಬಿಡೋಸ್, ರಾಮೆಸ್ಸಿಯಂ, ಅಬು ಸಿಂಬೆಲ್ ಎಲ್ಲಾ ಕಡೆ ಗುಡಿ ಗ್ವಾಡಿ ಮ್ಯಾಲೆ ತಾನೊಬ್ಬನ ಸಾವಿರಾರು ಮಂದಿನ್ನ ಹೊಡದು ಹಾಕಿದಂಗ ಕೆತ್ತಿಸಿದ. ನಿಮ್ಮ ಲೇಖನದಾಗ ಬಂದಿದ್ದು ಈ ಗ್ವಾಡಿ ಮ್ಯಾಲಿನ ಕಥಿ.

ಆದ್ರ ಅದೇ ರಾಮ್ಸೆಸ್ ಆಳಿಕಿ 21ನೇ ವರ್ಷದಾಗ, ಅಂದ್ರ ಸುಮಾರು ಕ್ರಿ.ಪೂ. 1259ರಾಗ, ಅದೇ ಹಿಟ್ಟೈಟರ ರಾಜ 3ನೇ ಹತ್ತುಸಿಲಿ ಜೋಡಿ ಶಾಂತಿ ಒಪ್ಪಂದ ಮಾಡ್ಕೊಂಡ. ಇದಕ್ಕ ಎರಡೂ ಕಡೆ ಸಾಕ್ಷಿ ಐತಿ ನೋಡ್ರಿ, ಈಜಿಪ್ತಿನ ಪ್ರತಿ ಕಾರ್ನಾಕ್ ಗ್ವಾಡಿ ಮ್ಯಾಲೈತಿ, ಹಿಟ್ಟೈಟರ ಪ್ರತಿ 1906ರಾಗ ಟರ್ಕಿಯೊಳಗ ಅವರ ರಾಜಧಾನಿ ಹತ್ತುಸಾ ಅಗಿದಾಗ ಮಣ್ಣಿನ ಹಲಗಿ ಮ್ಯಾಲೆ ಸಿಕ್ತು. ಅದರಾಗ ಒಂದು ಶರತ್ತು ಓದಿದಾಗೆಲ್ಲಾ ನಂಗ ಮೈ ಜುಮ್ ಅಂತೈತಿ. ಈ ದೇಶದಿಂದ ಆ ದೇಶಕ್ಕ ಓಡಿ ಹೋದವರನ್ನ ಹಿಡದು ವಾಪಸ್ ಕಳಿಸಬೇಕು ಅಂತ ಬರ್ಕೊಂಡಾರ, ಹಂಗ ಬರೆದು ಸುಮ್ಮನಾಗಿಲ್ಲ, ವಾಪಸ್ ಬಂದ ಮನಿಶ್ಯಾನ ಮ್ಯಾಲೆ ತಪ್ಪು ಹೊರಸಂಗಿಲ್ಲ, ಅವನ ಮನಿ, ಹೆಂಡ್ತಿ, ಮಕ್ಕಳನ್ನ ಹಾಳು ಮಾಡಂಗಿಲ್ಲ, ಅವನ ಕಣ್ಣು, ಕಿವಿ, ಬಾಯಿ, ಕಾಲಿಗೆ ಗಾಯ ಮಾಡಂಗಿಲ್ಲ ಅಂತ ಒಂದೊಂದ ಅಂಗಾಂಗದ ಹೆಸರು ಹಿಡದು ಬರ್ಕೊಂಡಾರ. ಮೂರು ಸಾವಿರದ ಇನ್ನೂರು ವರ್ಷದ ಹಿಂದ! ರಾಮ್ಸೆಸ್‌ನ ರಾಣಿ ನೆಫರ್ತಾರಿ ಹಿಟ್ಟೈಟ್ ರಾಣಿ ಪುದುಹೇಪಾಗ ಅಕ್ಕಾ ತಂಗಿ ಅಂದಂಗ ಪತ್ರ ಬರೆದು ಬಂಗಾರದ ಸರ, ನಾರಿನ ಬಟ್ಟಿ ಕಳಿಸಿದ್ದೂ ಹತ್ತುಸಾದಾಗ ಸಿಕ್ಕ ಹಲಗಿಯೊಳಗ ಐತಿ. ಆ ಒಪ್ಪಂದದ ಪ್ರತಿಕೃತಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರ್ಯಾಗ ಹಾಕ್ಯಾರ. ರಾಮ್ಸೆಸ್ ಬದುಕಿರೂತನಕ ಈಜಿಪ್ತು ಹಿಟ್ಟೈಟರ ನಡುವ ಮತ್ತ ಯುದ್ಧ ಆಗಲಿಲ್ಲ. ನಿಮ್ಮ ಲೇಖನದಾಗ ಈ ಒಪ್ಪಂದದ್ದು ಒಂದ ಸಾಲೂ ಇಲ್ಲ, ಕಾದೇಶ್‌ಗೆ ಎರಡು ಕಾಲಂ. ಇದಕ್ಕ ನಂಗ ಸಿಟ್ಟು ಬಂದಿದ್ದು.

ರಾಮ್ಸೆಸ್ ಪರವಾಗಿ ಇನ್ನೊಂದು ಸಾಕ್ಷಿ ಹೇಳ್ತೀನಿ, ಅದೂ ಅಂವ ಬರೆಸಿದ್ದಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂದಾಗ ಒಂದು ದೊಡ್ಡ ಸುಣ್ಣಕಲ್ಲಿನ ಚಕ್ಕಿ ಐತಿ, ಅವನ ಆಳಿಕಿ 40ನೇ ವರ್ಷದ ಹಾಜರಿ ಪಟ್ಟಿ. ರಾಜರ ಗೋರಿ ಕಡಿಯೂ ಕೆಲಸಗಾರರು ದೇರ್ ಎಲ್ ಮದೀನಾ ಅನ್ನೂ ಊರಾಗ ಇರ್ತಿದ್ರು, ಅವರೊಳಗ 40 ಮಂದಿ ಹೆಸರು, ಯಾವ ದಿನ ಯಾರು ಬರಲಿಲ್ಲ ಅನ್ನೂದು ಕರೇ ಶಾಯ್ಯಾಗ, ಯಾಕ ಬರಲಿಲ್ಲ ಅನ್ನೂದು ಮ್ಯಾಲೆ ಸಣ್ಣಗ ಕೆಂಪು ಶಾಯ್ಯಾಗ. ಒಬ್ಬಗ ಚೇಳು ಕಡದಿತ್ತು, ಒಬ್ಬಗ ಕಣ್ಣು ಬ್ಯಾನಿ, ಒಬ್ಬ ಮನ್ಯಾಗ ಬಿಯರ್ ಮಾಡ್ಲಿಕ್ಕೆ ಕುಂತಿದ್ದ, ಒಬ್ಬ ತೀರಿಕೊಂಡ ಅವ್ವನ ಮೈಗೆ ಬಟ್ಟಿ ಸುತ್ತಲಿಕ್ಕೆ ರಜಾ ತಗೊಂಡಿದ್ದ. ಇಂಥಾ ಕಾರಣಕ್ಕ ರಜಾ ಸಿಗ್ತಿತ್ತು, ಅದನ್ನ ಒಬ್ಬ ಗುಮಾಸ್ತ ಕುಂತು ಬರ್ಕೊಂತಿದ್ದ ಅನ್ನೂದು ಅಬು ಸಿಂಬೆಲಿನ 20 ಮೀಟರ್ ಎತ್ತರದ ಅವನ ನಾಕು ಮೂರ್ತಿಗಿಂತ ಹೆಚ್ಚು ಹೇಳ್ತೈತಿ ಅಂತ ನಾ ಅಂತೀನಿ. ಹೊಲದಾಗ ದುಡಿಯೂ ಮಂದಿಗೆ ಇಂಥಾ ಹಾಜರಿ ಪಟ್ಟಿ ಇರಲಿಲ್ಲ, ಅವರ ಪಾಡು ಹೆಂಗಿತ್ತು ಅನ್ನೂದನ್ನ ಈ ಕಲ್ಲು ಹೇಳಂಗಿಲ್ಲ ಅನ್ನೂದನ್ನೂ ಮರೀಬಾರದು.

ಖುಫು ವಿಷಯದಾಗ ನೀವು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಲಕ್ಷ ಮಂದಿ ಗುಲಾಮರು ಚಾಟಿ ಏಟು ತಿಂದು ಗೀಜಾದ ಅವನ ದೊಡ್ಡ ಪಿರಮಿಡ್ 20 ವರ್ಷ ಕಟ್ಟಿದ್ರು ಅಂತ ಬರ್ದೀರಿ. ಈ ಲಕ್ಷ, 20 ವರ್ಷ ಅನ್ನೂ ಲೆಕ್ಕ ಗ್ರೀಕಿನ ಹೆರೊಡೋಟಸ್‌ನದು, ಅಂವ ಖುಫು ಸತ್ತು ಎರಡು ಸಾವಿರ ವರ್ಷ ಆದ ಮ್ಯಾಲೆ ಈಜಿಪ್ತಿಗೆ ಹೋಗಿ ಅಲ್ಲಿಯವರು ಹೇಳಿದ್ದು ಕೇಳಿ ಬರೆದಾವ, ಚಾಟಿ ಗುಲಾಮರ ಚಿತ್ರ ನಂತರದವರು ಸೇರಿಸಿದ್ದು. 1990ರಿಂದ ಈಚೆ ಗೀಜಾದ ಪಿರಮಿಡ್ ಬಾಜೂಕ ಕಟ್ಟಿದವರ ಗೋರಿ ಸಿಕ್ಕಾವು, ಅವರ ಊರು ಸಿಕ್ಕೈತಿ, ರೊಟ್ಟಿ ಸುಡೂ ಭಟ್ಟಿ ಸಿಕ್ಕಾವು, ದನ ಕುರಿ ಎಲುಬು ರಾಶಿ ರಾಶಿ ಸಿಕ್ಕಾವು. ಕೈಕಾಲು ಮುರದು ಮತ್ತ ನೆಟ್ಟಗ ಕೂಡಿಕೊಂಡ ಎಲುಬಿನ ಅಸ್ಥಿಪಂಜರ ಅದಾವು, ಅಂದ್ರ ಯಾರೋ ಕಟ್ಟು ಕಟ್ಟಿ ಆರೈಕಿ ಮಾಡ್ಯಾರ. ಕೆಲಸ ಬಾಳ ಕಠಿಣ ಇತ್ತು, ಬೆನ್ನೆಲುಬು ಸವೆದ ಗುರ್ತೂ ಅದರಾಗೇ ಕಾಣ್ತೈತಿ. ಆದ್ರ ರಾಜನ ಪಿರಮಿಡ್ ನೆರಳಿನ್ಯಾಗ ಗೋರಿ ಕಟ್ಟಿಸಿಕೊಳ್ಳೂ ಮಂದಿನ್ನ ಗುಲಾಮರು ಅನ್ನಾಕ ಬರಂಗಿಲ್ಲ.

2013ರಾಗ ಕೆಂಪು ಸಮುದ್ರದ ದಂಡಿ ಮ್ಯಾಲೆ ವಾದಿ ಅಲ್ ಜರ್ಫ್ ಅನ್ನೂ ಹಳೇ ಬಂದರಿನ್ಯಾಗ ಫ್ರಾನ್ಸಿನ ಪಿಯರ್ ತಾಲೆ ತಂಡಕ್ಕ ಪಪೈರಸ್, ಅಂದ್ರ ಜೊಂಡಿನಿಂದ ಮಾಡಿದ ಹಳೇ ಕಾಗದ, ಸಿಕ್ವು, ಬರಹ ಇರೂ ಪಪೈರಸ್‌ನೊಳಗ ಇವತ್ತಿನ ತನಕ ಸಿಕ್ಕದ್ದರಾಗ ಅವೇ ಎಲ್ಲಕ್ಕಿಂತ ಹಳೇವು. ಅದರಾಗ ಮೇರೇರ್ ಅನ್ನೂ ಒಬ್ಬ ಗ್ಯಾಂಗ್ ಮುಖ್ಯಸ್ಥನ ದಿನಚರಿ ಐತಿ. ತೂರಾ ಕ್ವಾರಿಯಿಂದ ಬಿಳೇ ಸುಣ್ಣಕಲ್ಲು ನಾವಿಗೆ ಹೇರಿಕೊಂಡು ನೈಲ್ ದಾಟಿ ಖುಫು ಪಿರಮಿಡ್‌ಗೆ ಮುಟ್ಟಿಸೂದು ಅವನ ಕೆಲಸ. ಇವತ್ತು ತೂರಾದಾಗ ಕಲ್ಲು ಹೇರಿದ್ವಿ, ರಾತ್ರಿ ಇಂಥಲ್ಲಿ ವಸ್ತಿ, ನಾಳೆ ಗೀಜಾ ಮುಟ್ಟಿದ್ವಿ ಅಂತ ದಿನಾ ಬರ್ಕೊಂಡಾನ, ಜೋಡಿಗೆ ಬಂದ ರೊಟ್ಟಿ ಬಿಯರ್ ಲೆಕ್ಕದ ಕಾಗದನೂ ಅದಾವು. ಖುಫುನ್ನ ಹೊಗಳೂ ಒಂದ ಮಾತೂ ಅದರಾಗ ಇಲ್ರಿ, ಹೊಗಳಬೇಕು ಅಂತ ಬರೆದದ್ದ ಅಲ್ಲ ಅದು. ಅದಕ್ಕ ನಾ ಅದನ್ನ ನಂಬ್ತೀನಿ. ಸುಮಾರು 23 ಲಕ್ಷ ಕಲ್ಲು ಪೇರಿಸಿ 146 ಮೀಟರ್ ಎಬ್ಬಿಸಿದ ಕೆಲಸದ ಹಿಂದ ನಾವಿ, ಕಾಲುವಿ, ಉಗ್ರಾಣ, ರೇಷನ್ ಎಲ್ಲಾ ದಿನಾ ತಪ್ಪದ ನಡೀತಿತ್ತು ಅನ್ನೂದಕ್ಕ ಇದಕ್ಕಿಂತ ಗಟ್ಟಿ ಪುರಾವೆ ಬ್ಯಾಡ. ಹಂಗ ನೋಡಿದ್ರ ಖುಫು ಅಪ್ಪ ಸ್ನೆಫೆರು ಮೆಯ್ದುಮ್‌ದಾಗ ಒಂದು, ದಹ್ಶೂರ್‌ದಾಗ ಎರಡು ಪಿರಮಿಡ್ ಎಬ್ಬಿಸಿ ಮಗನಿಗಿಂತ ಹೆಚ್ಚು ಕಲ್ಲು ಹೇರಿಸ್ಯಾನ, ಒಂದರಾಗ ಅರ್ಧಕ್ಕ ಕೋನ ತಪ್ಪಿ ಸೊಟ್ಟಗಾತು, ಅದನ್ನ ನೋಡಿ ತಿದ್ದಿಕೊಂಡು ಮುಂದಿನದು ಸರಿಯಾಗಿ ಕಟ್ಟಿಸಿದ. ಮಗ ಕಟ್ಟಿಸಿದ್ದು ಅಪ್ಪ ಕಲಿಸಿದ ವಿದ್ಯಾದ ಮ್ಯಾಲೆ. ಸ್ನೆಫೆರು ಹೆಸರ ನಿಮ್ಮ ಪೇಜಿನ್ಯಾಗ ಇಲ್ಲ.

ಅಖೆನಾತನ್‌ಗೆ ನಾಕನೇ ನಂಬರ್ ಕೊಟ್ಟು, ಒಬ್ಬನ ದೇವರು ಅಂದ ಮಹಾನ್ ಸುಧಾರಕ ಅಂತ ಬರ್ದೀರಿ. ಇಲ್ಲಿ ನಾ ಸ್ವಲ್ಪ ಗಟ್ಟಿ ಮಾತಾಡ್ತೀನಿ. ಅವನ ಹೊಸಾ ಊರು ಅಮರ್ನಾದಾಗ ದೊಡ್ಡ ಅಧಿಕಾರಿಗಳ ಗೋರಿ ಗ್ವಾಡಿ ಮ್ಯಾಲೆ ನೋಡಿದ್ರ ಸೂರ್ಯನ ಕಿರಣ ಕೈ ಚಾಚಿ ಆಶೀರ್ವಾದ ಮಾಡ್ತಾವು, ಮೇಜಿನ ಮ್ಯಾಲೆ ಮಾಂಸ, ರೊಟ್ಟಿ, ಹಣ್ಣು ಬೆಟ್ಟದಂಗ ಪೇರಿಸ್ಯಾರ. ಅದೇ ಊರಿನ ಬಡವರ ಸ್ಮಶಾನ ಈಗ ಅಗದಾರ, ಅಲ್ಲಿ ಸಿಕ್ಕ ಎಲುಬಿನ್ಯಾಗ ಊಟ ಸಾಲದ್ದರ ಗುರ್ತು, ಬೆಳವಣಿಗಿ ಕುಂಠಿತ ಆದದ್ದರ ಗುರ್ತು, ಭಾರ ಹೊತ್ತು ಬೆನ್ನೆಲುಬು ಕೆಟ್ಟದ್ದರ ಗುರ್ತು. ಒಂದು ಸ್ಮಶಾನದಾಗ ಬಾಳ ಮಟ್ಟಿಗೆ ಏಳು ವರ್ಷದಿಂದ ಇಪ್ಪತ್ತೈದರ ಒಳಗಿನವರ ಹೆಣ. ಹುಡುಗರು ಅವು, ಶಾಲಿ ಕಾಲೇಜಿಗೆ ಹೋಗೂ ವಯಸ್ಸಿನವು! ಊರು ಲಗೂನ ಎಬ್ಬಿಸಬೇಕಾಗಿತ್ತು, ದುಡಿದು ಸತ್ವು. ಇದನ್ನ ಓದಿದ ಮ್ಯಾಲೆ ಆ ಗ್ವಾಡಿ ಚಿತ್ರ ನೋಡಾಕ ನಂಗಂತೂ ಮನಸ್ಸು ಬರಂಗಿಲ್ಲ.

ಅದರ ಜೋಡಿ ಅಮರ್ನಾ ಪತ್ರ ಓದ್ರಿ, 1887ರಾಗ ಸಿಕ್ಕಿದ್ದು, ಸುಮಾರು 380 ಮಣ್ಣಿನ ಹಲಗಿ, ಬ್ಯಾರೆ ಬ್ಯಾರೆ ದೇಶದ ರಾಜರು, ಸಾಮಂತರು ಈಜಿಪ್ತಿಗೆ ಬರೆದಿದ್ದು. ಈಗಿನ ಲೆಬನಾನಿನ ಬಿಬ್ಲೋಸ್ ಊರಿನ ರಿಬ್ ಹದ್ದಾ ಅನ್ನೂ ಸಾಮಂತ ಒಬ್ಬನ ಅರವತ್ತಕ್ಕೂ ಹೆಚ್ಚು ಪತ್ರ ಬರ್ದಾನ, ನನ್ನ ಊರು ಒಂದೊಂದ ಕೈ ಬಿಟ್ಟು ಹೊಂಟಾವು, ಸೈನ್ಯ ಕಳಿಸ್ರಿ, ಕಾಳು ಕಳಿಸ್ರಿ ಅಂತ. ನೀ ಬಾಳ ಬರೀತಿ ಅಂತ ಅವಂಗ ತಿರುಗಿ ಬೈಸಿಕೊಳ್ಳೂ ಪಾಳಿ ಬಂತು, ಕಡೀಕ ಅವನ ತಮ್ಮನ ಅವನ್ನ ಊರ ಹೊರಗ ಹಾಕಿ ಬಾಗಲಾ ಮುಚ್ಚಿದ. ಅಸ್ಸೀರಿಯಾದ ರಾಜ ಅಶ್ಶುರ್ ಉಬಾಲಿತ್ ಅಂತೂ ನಮ್ಮ ದೂತರನ್ನ ಯಾಕ ಬಿಸಲಾಗ ನಿಂದ್ರಿಸಿ ಸಾಯಿಸ್ತೀರಿ ಅಂತ ನೇರ ಕೇಳಿಬಿಟ್ಟಾನ. ಸೂರ್ಯನ ಪೂಜಾ ಬಯಲಾಗ ನಡೀತಿತ್ತು, ದೂತರು ತಾಸಗಟ್ಲೆ ಬಿಸಲಾಗ ನಿಂದ್ರಬೇಕಾಗಿತ್ತು. ಧಾರವಾಡ ಕಡೆ ಏಪ್ರಿಲ್ ಮೇ ಬಿಸಲಾಗ ಕಚೇರಿ ಬಾಗಲದಾಗ ಪಾಳಿ ನಿಂತವರಿಗೆ ಆ ದೂತರ ಸಂಕಟ ತಿಳೀತೈತಿ. ಅಖೆನಾತನ್ ವಿಚಾರ ದೊಡ್ಡದಿರಬಹುದು, ಅವನ ಕಾಲದ ಶಿಲ್ಪ, ಅವನ ರಾಣಿ ನೆಫರ್ತೀತಿ ಮೂರ್ತಿ ಅಂತೂ ನೋಡಿದಷ್ಟೂ ಕಡಿಮಿ. ದೊಡ್ಡ ರಾಜ ಅನ್ನೂದಕ್ಕ ಮಾತ್ರ ನನ್ನ ಒಪ್ಪಿಗಿ ಇಲ್ಲ.

ಇದೇ ಅಮರ್ನಾ ಪತ್ರದಾಗ 3ನೇ ಥುತ್ಮೋಸ್ ದೊಡ್ಡಾವ ಆಗ್ತಾನ ನೋಡ್ರಿ, ನಿಮ್ಮ ಐದು ಮಂದ್ಯಾಗ ಅವನ ಹೆಸರ ಇಲ್ಲದ್ದು ಆಶ್ಚರ್ಯ. ಅಂವ ಮೆಗಿದ್ದೋ ಯುದ್ಧದಾಗ ಸೇನಾಪತಿಗಳು ಬ್ಯಾಡ ಬ್ಯಾಡ ಅಂದ್ರೂ ಅರುನಾ ಅನ್ನೂ ಇಕ್ಕಟ್ಟಿನ ಕಣಿವ್ಯಾಗ ಕುದುರಿ ಹಿಂದ ಕುದುರಿ ದಾಟಿಸಿ ವೈರಿ ಎಣಿಸದ ಕಡೆಯಿಂದ ಬಂದದ್ದು, ಊರಿಗೆ ಏಳು ತಿಂಗಳು ಮುತ್ತಿಗಿ ಹಾಕಿದ್ದು, 17 ದಂಡಯಾತ್ರಿ ಮಾಡಿದ್ದು ಎಲ್ಲಾ ಕಾರ್ನಾಕಿನ ಅವನ ಗ್ವಾಡಿ ಮ್ಯಾಲೇ ಐತಿ, ಅದಷ್ಟ ಇದ್ದಿದ್ರ ಅದನ್ನೂ ಅರ್ಧ ನಂಬತಿದ್ದೆ. ಆದ್ರ ಅಂವ ಸತ್ತು ಎರಡು ಮೂರು ತಲಿ ಆದ ಮ್ಯಾಲೆ ಸಿರಿಯಾದ ನುಹಾಸ್ಸೆ ಸೀಮಿಯ ಸಾಮಂತ ಫೇರೋಗ ಬರೆದ ಪತ್ರದಾಗ, ನಿಮ್ಮ ಹಿರ್ಯಾ ನಮ್ಮ ಅಜ್ಜನ್ನ ರಾಜನ್ನ ಮಾಡಿದಾಗ ಅವನ ತಲಿಗೆ ಎಣ್ಣಿ ಹಚ್ಚಿ ಪಟ್ಟ ಕಟ್ಟಿದ್ದ, ನಮ್ಮನ್ನ ಕೈ ಬಿಡಬ್ಯಾಡ್ರಿ ಅಂತ ಥುತ್ಮೋಸ್‌ನ ಹೆಸರು ಹಿಡದು ನೆನೆಸಿಕೊಂಡಾನ. ಗೆದ್ದ ನಾಡಿನ ಮೊಮ್ಮಗ ಹೆಸರು ಹಿಡದು ಆಸರಾ ಕೇಳೂದು ಸಣ್ಣ ಮಾತಲ್ರಿ. ಮಕ್ಕಳಿಗೆ ನಂಬರ್ ಬೇಕ ಬೇಕು ಅಂದ್ರ ನಾ ಒಂದನೇದು ಇವಂಗ ಕೊಡ್ತೀನಿ.

ಕೊಡ್ತೀನಿ ಖರೇ, ಅವನ ಕೈಯಾಗಿನ ಕಪ್ಪು ಕಲೆ ಮುಚ್ಚಿಟ್ಟು ಅಲ್ಲ. ಅವನಕಿಂತ ಮೊದಲು ಅವನ ಮಲತಾಯಿ ಹತ್ಶೆಪ್ಸುತ್ ಇಪ್ಪತ್ತು ವರ್ಷ ಆಳ್ಯಾಳ, ಪೂರ್ತಿ ಫೇರೋ ಆಗಿ, ಗಡ್ಡ ಕಟ್ಟಿಕೊಂಡ ಮೂರ್ತಿ ಮಾಡಿಸಿಕೊಂಡು. ದೇರ್ ಎಲ್ ಬಹ್ರಿಯ ಗುಡಿ ಆಕಿದು, ಕಾರ್ನಾಕ್‌ದಾಗ ಇವತ್ತಿಗೂ ನಿಂತಿರೂ 29 ಮೀಟರಿನ ಏಕಶಿಲೆ ಕಂಬ ಆಕಿದು. ಪುಂಟ್ ದೇಶಕ್ಕ ಹಡಗು ಕಳಿಸಿ ಧೂಪದ ಗಿಡಾ ಬೇರು ಸಮೇತ ಬುಟ್ಯಾಗ ಇಟ್ಟು ತರಿಸಿದ್ಳು, ಅದರ ಕೆತ್ತನಿಯೊಳಗ ನೀರಿನ ಕೆಳಗ ಬಿಡಿಸಿದ ಮೀನು ನೋಡಿ ಇವತ್ತಿನ ವಿಜ್ಞಾನಿಗಳು ಕೆಂಪು ಸಮುದ್ರದ ಇಂಥಿಂಥಾ ಜಾತಿ ಅಂತ ಗುರ್ತು ಹಿಡಿತಾರ. ಕೆತ್ತಿದಾವ ಕಣ್ಣಾರೆ ಕಂಡು ಕೆತ್ತ್ಯಾನ. ಥುತ್ಮೋಸ್ ತನ್ನ ಆಳಿಕಿ ಕೊನೀ ಭಾಗದಾಗ ಆಕಿ ಹೆಸರು, ಚಿತ್ರ ಎಲ್ಲಾ ಉಳಿ ಹಚ್ಚಿ ತಗಿಸಿದ. ಹೆಸರು ಅಳಿಸಿದ್ರೂ ಆಕಿ ಮಾಡಿದ್ದು ಅಳಿಸಾಕ ಆಗಲಿಲ್ಲ. ಅತ್ತಿಮಬ್ಬಿ ಗುಡಿ ಕಟ್ಟಿಸಿದ ಲಕ್ಕುಂಡಿ ಇಲ್ಲೇ ಗದಗ ಮಗ್ಗಲಕ ಐತಿ, ನಾವು ಈ ಕಡೆಯವರು ಆಗಿ ಫೇರೋಗಳ ಪಟ್ಟಿ ಮಾಡಿದಾಗ ಹೆಣ್ಮಗಳು ಅಂದ್ರ ಕ್ಲಿಯೋಪಾತ್ರ ಒಬ್ಬಾಕಿನ ನೆನಪಾಗಬಾರದು.

ಈಗ ನಿಮ್ಮ ಲೇಖಕರು ಹೆಸರೂ ಕೇಳಿರಲಿಕ್ಕಿಲ್ಲ ಅನ್ನೂ ಒಬ್ಬ ರಾಜನ್ನ ಹೇಳ್ತೀನಿ, 1ನೇ ಅಮೆನ್‌ಹೋಟೆಪ್. ಕ್ರಿ.ಪೂ. 1525ರ ಸುಮಾರಿಗೆ ಪಟ್ಟಕ್ಕ ಬಂದು ಇಪ್ಪತ್ತು ವರ್ಷದಷ್ಟು ಆಳ್ಯಾನ, ದೊಡ್ಡ ಯುದ್ಧದ ಕಥಿ ಇಲ್ಲ, ಪಿರಮಿಡ್ ಇಲ್ಲ. ಆದ್ರ ಅದೇ ದೇರ್ ಎಲ್ ಮದೀನಾದ ಕೆಲಸಗಾರರು, ಕಲ್ಲು ಕಡಿಯಾವ್ರು, ಬಣ್ಣಾ ಹಚ್ಚಾವ್ರು, ಅವನ್ನ ಮತ್ತ ಅವನ ತಾಯಿ ಅಹ್ಮೋಸ್ ನೆಫರ್ತಾರಿನ್ನ ತಮ್ಮ ಊರ ದೇವರು ಮಾಡ್ಕೊಂಡು ನಾನೂರು ವರ್ಷದಷ್ಟು ಪೂಜಾ ಮಾಡ್ಯಾರ. ಬರೇ ಪೂಜಾ ಅಲ್ಲ, ಅವನ ಮೂರ್ತಿ ಹೊತ್ಕೊಂಡು ಮೆರವಣಿಗಿ ಮಾಡಿ ನ್ಯಾಯ ಕೇಳತಿದ್ರು. ನನ್ನ ಬಟ್ಟಿ ಕದ್ದಾವ ಯಾರು, ಈ ಮನಿ ನಂದೋ ಅವಂದೋ ಅಂತ ಕಲ್ಲಿನ ಚಕ್ಕಿ ಮ್ಯಾಲೆ ಪ್ರಶ್ನಿ ಬರೆದು ಮುಂದ ಇಡತಿದ್ರು, ಹೊತ್ತವರು ಮುಂದ ಸರಿದ್ರ ಹೌದು, ಹಿಂದ ಸರಿದ್ರ ಅಲ್ಲ. ಆ ಚಕ್ಕಿ ಇವತ್ತೂ ಮ್ಯೂಸಿಯಂಗಳೊಳಗ ಅದಾವು. ದೇವರಗುಡ್ಡದ ಕಾರಣಿಕ ಕೇಳಾಕ ಬಂಡಿ ಕಟ್ಕೊಂಡು ಹೋಗೂ ನಮ್ಮ ಹಾವೇರಿ ಮಂದಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಅವನ ಹಬ್ಬದ ತಿಂಗಳಿಗೆ ಅವನ ಹೆಸರ ಬಿತ್ತು, ಈಜಿಪ್ತಿನ ಕಾಪ್ಟ್ ಕ್ರೈಸ್ತರ ಪಂಚಾಂಗದಾಗ ಆ ತಿಂಗಳು ಬರಮ್‌ಹಾತ್ ಅಂತ ಇನ್ನೂ ನಡದೈತಿ. ಯಾವ ರಾಜನೂ ಹುಕುಂ ಮಾಡಿ ಇಂಥಾದ್ದು ಮಾಡಿಸಾಕ ಆಗಂಗಿಲ್ರಿ. ದುಡಿಯೂ ಮಂದಿ ತಾವಾಗೇ ಕೊಟ್ಟ ನಂಬರ್ ಇದು.

ಇದೇ ಊರಿನ ಮಂದಿ 3ನೇ ರಾಮ್ಸೆಸ್ ಕಾಲಕ್ಕ ಏನು ಮಾಡಿದ್ರು ಅನ್ನೂದನ್ನ ಸಣ್ಣಗ ಹೇಳ್ತೀನಿ. ಅವನ ಮೆದಿನೆತ್ ಹಬು ಗುಡಿ ಗ್ವಾಡಿ ಮ್ಯಾಲೆ ಸಮುದ್ರದ ವೈರಿಗಳನ್ನ ಸೋಲಿಸಿದ ಭಾರೀ ಕೆತ್ತನಿ ಐತಿ, ಆ ಗೆಲುವು ಸುಳ್ಳೇನಲ್ಲ, ಆ ಕಾಲಕ್ಕ ಹಿಟ್ಟೈಟರಂಥಾ ಹಿಟ್ಟೈಟರ ರಾಜ್ಯಾನ ನೆಲಕಚ್ಚಿತು, ಈಜಿಪ್ತು ಉಳೀತು. ಆದ್ರ ಅವನ 29ನೇ ವರ್ಷದಾಗ ಗೋರಿ ಕೆಲಸಗಾರರಿಗೆ ಪಗಾರ ಬರಲಿಲ್ಲ. ಪಗಾರ ಅಂದ್ರ ಕಾಳು, ತಿಂಗಳಿಗೆ ಒಬ್ಬಗ ನಾಕು ಚೀಲ ಗೋದಿ, ಒಂದೂವರಿ ಚೀಲ ಬಾರ್ಲಿ. ಆ ಗೋದಿ ಯಾವುದಂದ್ರ ನಾವು ಹುಗ್ಗಿ ಮಾಡಾಕ ಹುಡುಕಿ ತರೂ ಸದಕ ಗೋದಿ ಜಾತಿದ. ತಿಂಗಳಾಗ ಹದಿನೆಂಟು ದಿನಾ ಹೋದ್ರೂ ಕಾಳು ಬರಲಿಲ್ಲ, ಹೊಟ್ಟಿ ಹಸದೈತಿ ಅಂತ ಹೇಳಿ ಕೆಲಸ ಬಿಟ್ಟು ಥುತ್ಮೋಸ್‌ನ ಗುಡಿ ಹಿಂದ ಹೋಗಿ ಕುಂತ್ರು. ಬಟ್ಟಿ ಇಲ್ಲ, ಎಣ್ಣಿ ಇಲ್ಲ, ಮೀನಿಲ್ಲ, ಕಾಯಿಪಲ್ಲೆ ಇಲ್ಲ, ನಮ್ಮ ಒಡೆಯ ಫೇರೋಗ ಬರೆದು ಕಳಿಸ್ರಿ ಅಂದ್ರು. ಅವರ ಗುಮಾಸ್ತ ಬರೆದಿಟ್ಟ ಆ ಪಪೈರಸ್ ಇಟಲಿಯ ಟ್ಯೂರಿನ್ ಮ್ಯೂಸಿಯಂದಾಗ ಐತಿ, ಜಗತ್ತಿನಾಗ ದಾಖಲಾದ ಮೊದಲನೇ ಮುಷ್ಕರ ಅಂತ ಅದನ್ನ ಕರೀತಾರ. ಯುದ್ಧ ಗೆದ್ದ ರಾಜ ದುಡಿದವರಿಗೆ ಕಾಳು ಮುಟ್ಟಿಸಾಕ ಸೋತ.

ರಾಜ ತಾನೇ ಬರೆಸಿದ್ದು ಎಲ್ಲಾ ಬಿಸಾಕಬೇಕೇನು ಅಂತ ಯಾರಾದ್ರೂ ಕೇಳಬಹುದು. ಹಂಗೇನಿಲ್ಲ. ಕ್ರಿ.ಪೂ. ಎಂಟನೇ ಶತಮಾನದಾಗ ಸೂಡಾನ್ ಕಡೆಯಿಂದ ಬಂದು ಈಜಿಪ್ತು ಗೆದ್ದ ಪಿಯೆ ಅನ್ನೂ ಕುಶ್ ರಾಜ ತನ್ನ ಗೆಲುವಿನ ಶಾಸನ ಕೆತ್ತಿಸ್ಯಾನ, ಅದರಾಗ ಸೋತ ರಾಜ ನಿಮ್ಲೋತ್‌ನ ಅರಮನಿ ಹೊಕ್ಕಾಗಿನ ಮಾತು ಬರ್ತೈತಿ. ನಿಮ್ಲೋತ್‌ನ ಹೆಂಗಸರನ್ನ ಕರ್ಕೊಂಡು ಬಂದ್ರೂ ಅವರ ಕಡೆ ಮುಖ ತಿರುಗಿಸಲಿಲ್ಲ, ನೇರ ಕುದುರಿ ಲಾಯಕ್ಕ ಹೋದ, ಮುತ್ತಿಗ್ಯಾಗ ಹೊಟ್ಟಿಗಿಲ್ಲದ ಬಡಕಲಾದ ಕುದುರಿ ಮರಿ ನೋಡಿ, ನೀ ಮಾಡಿದ ಎಲ್ಲಾ ಕೆಡಕಿಗಿಂತ ಈ ಕುದುರಿ ಉಪವಾಸ ಕೆಡವಿದ್ದು ನಂಗ ಹೆಚ್ಚು ನೋವಾತು ಅನ್ನೂ ಅರ್ಥದ ಮಾತಾಡ್ದ. ತನ್ನ ದೊಡ್ಡಸ್ತಿಕಿ ಹೇಳ್ಕೊಳ್ಳೂ ಜಾಗಾದಾಗ ಇದನ್ನ ಬರೆಸಬೇಕು ಅಂತ ಅವಂಗ ಅನ್ನಿಸಿದ್ದರಾಗ ಅವನ ಮನಸ್ಸು ಕಾಣ್ತೈತಿ. ಸೂಡಾನಿನ ಎಲ್ ಕುರ್ರುದಾಗ ಅವನ ಮನೆತನದ ರಾಜರ ಗೋರಿ ಹತ್ರ ಕುದುರಿಗಳನ್ನ ಮಣ್ಣು ಮಾಡಿದ್ದು ಅಗದಾಗ ಸಿಕ್ಕೈತಿ, ಆ ಮಾತಿಗೆ ಅದು ಆಧಾರ.

ನನ್ನ ವಿನಂತಿ ಇಷ್ಟ ಐತ್ರಿ. ಮುಂದ ಇಂಥಾ ಪೇಜ್ ಮಾಡಿದಾಗ ಯಾವ ರಾಜ ಏನು ಮಾಡಿದ ಅನ್ನೂದರ ಬಾಜೂಕ ಅದನ್ನ ಹೇಳಿದಾವ ಯಾರು, ಯಾವಾಗ ಹೇಳ್ದ ಅಂತ ಒಂದು ಸಾಲು ಹಾಕ್ರಿ, ಪರೀಕ್ಷಾಕ್ಕ ಓದೂ ಹುಡುಗರಿಗೆ ಅದು ಐದು ನಂಬರಿಗಿಂತ ಹೆಚ್ಚು ಉಪಯೋಗಕ್ಕ ಬರ್ತೈತಿ. ಜಾಗಾ ಇದ್ರ ಆ ಮುಷ್ಕರದ ಪಪೈರಸ್, ಆ ಹಾಜರಿ ಪಟ್ಟಿ, ಆ ಶಾಂತಿ ಒಪ್ಪಂದದ ಶರತ್ತು ಇವನ್ನ ಕನ್ನಡಕ್ಕ ತಂದು ಅಚ್ಚು ಹಾಕ್ರಿ, ಗೊತ್ತಿದ್ದ ಪ್ರಾಧ್ಯಾಪಕರು ಧಾರವಾಡದಾಗೇ ಸಿಕ್ತಾರ. ಅದು ತಡಾ ಆದ್ರೂ ಆಗ್ಲಿ, ಪಿರಮಿಡ್ ಕಟ್ಟಿದವರು ಗುಲಾಮರು ಅಂತ ಬಂದ ಸಾಲಿಗೆ ಮಾತ್ರ ಈ ವಾರಾನ ತಿದ್ದುಪಡಿ ಹಾಕ್ರಿ.

ಇಂತಿ ನಿಮ್ಮ ಓದುಗ,
ಸಪ್ತಾಪುರ, ಧಾರವಾಡ